ಎಂಟು ಕಾಲಿನ ಚಿಪ್ಪು

ಕೈಯಾರೆ ಕಟ್ಟಿದ ಯಂತ್ರದ ಮೇಲೆ ಮನುಷ್ಯನಿಗಿರುವ ಮಮತೆ, ಅಂಗಡಿಯಲ್ಲಿ ಹಣ ಕೊಟ್ಟು ತಂದ ಯಂತ್ರದ ಮೇಲೆ ಎಂದಿಗೂ ಬರಲಾರದು. ಒಂದು ಕಾಲದಲ್ಲಿ ಉತ್ಸಾಹಿ ಹುಡುಗರು ವಾಲ್ವು, ಕಂಡೆನ್ಸರು, ತಂತಿಯ ಸುರುಳಿಗಳನ್ನು ಒಂದೊಂದಾಗಿ ಕೂಡಿಹಾಕಿ, ಮರದ ಪೆಟ್ಟಿಗೆಯೊಳಗೆ ತಾವೇ ರೇಡಿಯೊ ಕಟ್ಟುತ್ತಿದ್ದರು. ಆ ರೇಡಿಯೊ ಹಾಡಿದ್ದಕ್ಕಿಂತ ಗೊರಗುಟ್ಟಿದ್ದೇ ಹೆಚ್ಚು. ಆದರೂ ಮನೆಗೆ ಬಂದ ನೆಂಟರಿಗೆ ಆ ಗೊರಗೊರವನ್ನು ಕೇಳಿಸಿದ ಹೊರತು ಕಾಫಿ ಸಿಕ್ಕುತ್ತಿರಲಿಲ್ಲ. ಈಗ ಆ ಸ್ಥಾನದಲ್ಲಿ ಕಂಪ್ಯೂಟರು ಬಂದು ಕುಳಿತಿದೆ. ಕಂಪನಿಯ ಮೊಹರು ಹೊತ್ತು ಸಿದ್ಧವಾಗಿ ಬರುವ ಕಂಪ್ಯೂಟರನ್ನು ಕೊಳ್ಳುವುದು ಹೋಟೆಲಿನಲ್ಲಿ ಉಂಡಂತೆ. ಬಿಡಿಭಾಗಗಳನ್ನು ಆರಿಸಿ ತಂದು, ನಡುಮನೆಯ ನೆಲದ ಮೇಲೆ ಹರಡಿಕೊಂಡು, ಒಂದೊಂದು ಸ್ಕ್ರೂವನ್ನೂ ತಾನೇ ತಿರುಗಿಸಿ ಕಟ್ಟುವುದು ಮನೆಯಲ್ಲಿ ಅಡುಗೆ ಮಾಡಿಕೊಂಡಂತೆ. ಎರಡನೆಯದರಲ್ಲಿ ಉಪ್ಪು ಹೆಚ್ಚಾದರೆ ಬಯ್ಯಲು ಮಾಣಿ ಇರುವುದಿಲ್ಲ, ಅಷ್ಟೆ.

ಬೆಂಗಳೂರಿನಲ್ಲಿ ಈ ಅಡುಗೆಗೆ ಸಾಮಾನು ಸಿಕ್ಕುವ ಸಂತೆಯೆಂದರೆ ಎಸ್.ಪಿ. ರೋಡು. ಸಾದರ ಪತ್ರಪ್ಪನವರ ಹೆಸರಿನ ಈ ರಸ್ತೆ ಟೌನ್‌ಹಾಲಿಗೂ ಸಿಟಿ ಮಾರ್ಕೆಟ್ಟಿಗೂ ಹತ್ತಿರದಲ್ಲಿದೆ. ಒಂದು ಅಂಗಡಿಯಲ್ಲಿ ನೀರೆತ್ತುವ ಮೋಟಾರು, ಪಕ್ಕದ ಅಂಗಡಿಯಲ್ಲಿ ಬೋಲ್ಟು ನಟ್ಟು, ಅದರ ಮೇಲಂತಸ್ತಿನಲ್ಲಿ ಗ್ರಾಫಿಕ್ಸ್ ಕಾರ್ಡು. ಜಯನಗರ, ಜೆ.ಪಿ. ನಗರ, ಬನಶಂಕರಿಗಳ ಎಷ್ಟೋ ಮನೆಗಳಲ್ಲಿ ಮೇಜಿನ ಕೆಳಗೆ ಗುಯ್ಗುಡುತ್ತಿರುವ ಕಪ್ಪು ಪೆಟ್ಟಿಗೆಗಳ ಒಡಲಿನಲ್ಲಿರುವುದೆಲ್ಲ ಈ ರಸ್ತೆಯಲ್ಲಿ ಚೌಕಾಸಿ ಮಾಡಿ ತಂದ ಸರಕೇ.

ಬನಶಂಕರಿ ಎರಡನೆಯ ಹಂತದ ಒಂದು ಮನೆಯಲ್ಲಿದ್ದ ಪೆಟ್ಟಿಗೆಯೂ ಹಾಗೆ ಹುಟ್ಟಿದುದು. 2018ರಲ್ಲಿ ಆ ಮನೆಯ ಹಿರಿಯ ಮಗ, ತನ್ನ ಮೊದಲ ಸಂಬಳದಲ್ಲಿ ಅದನ್ನು ಕಟ್ಟಿದ. ಮರುವರ್ಷ ತೀರ್ಥಹಳ್ಳಿಯ ಕಡೆಯಿಂದ ಬಂದು ಆರು ತಿಂಗಳು ನಿಂತ ಅಜ್ಜಿಯನ್ನು ಅದರ ಮುಂದೆ ಕೂರಿಸಿ, ಮೈಕು ಹಿಡಿದು, ಅವರಿಗೆ ಬರುತ್ತಿದ್ದ ಹಾಡುಗಳನ್ನೆಲ್ಲ ಹಾಡಿಸಿದ. ಹಸೆಗೆ ಕರೆಯುವ ಹಾಡು, ಆರತಿಯ ಹಾಡು, ಬೀಗರನ್ನು ಹಾಸ್ಯಮಾಡುವ ಹಾಡು, ತೊಟ್ಟಿಲ ಹಾಡು ಎಲ್ಲ ಸೇರಿ ಮೂವತ್ತೆಂಟು. ಅಜ್ಜಿ 2021ರಲ್ಲಿ ತೀರಿಕೊಂಡರು. ಮಗ ಉದ್ಯೋಗಕ್ಕೆಂದು ಜರ್ಮನಿಗೆ ಹೋದ. ಹಾಡುಗಳ ಪ್ರತಿಯೊಂದು ಅಣ್ಣನ ಬಳಿ ಇದೆಯೆಂದು ತಂಗಿಯೂ, ಅಪ್ಪನ ಬಳಿ ಇದೆಯೆಂದು ಅಣ್ಣನೂ, ಇಬ್ಬರ ಬಳಿಯೂ ಇದೆಯೆಂದು ಅಪ್ಪನೂ ನಂಬಿಕೊಂಡಿದ್ದರು. ನಾಲ್ಕು ಜನರಿರುವ ಮನೆಯಲ್ಲಿ ಎಲ್ಲರಿಗೂ ಸೇರಿದ ಕೆಲಸ ಹೀಗೆಯೇ ಯಾರ ಕೆಲಸವೂ ಆಗದೆ ಉಳಿಯುತ್ತದೆ.

2023ರ ಬೇಸಿಗೆಯಲ್ಲಿ ಆ ಹಿರಿಯ ಮಗನ ಮದುವೆ ಗೊತ್ತಾಯಿತು. ಹಸೆಗೆ ಕರೆಯುವಾಗ ಅಜ್ಜಿಯ ಹಾಡೇ ಆಗಬೇಕೆಂಬುದು ತಾಯಿಯ ಹಟ. ಹಾಡಿನ ಮೊದಲರ್ಧ ಆಕೆಗೆ ಬಾಯಿಗೆ ಬರುತ್ತಿತ್ತು. ಉತ್ತರಾರ್ಧ ಅತ್ತೆಯ ಜೊತೆಯಲ್ಲೇ ಹೋಗಿದ್ದಿತು. ‘ಕಂಪ್ಯೂಟರಿನಲ್ಲಿ ಇದೆಯಲ್ಲ, ಬಂದಮೇಲೆ ಕೇಳಿ ಬರೆದುಕೊಳ್ಳುತ್ತೇನೆ’ ಎಂದು ಹೇಳಿ, ಏಪ್ರಿಲ್ ತಿಂಗಳ ಒಂದು ಶನಿವಾರ ಆಕೆ ನೆಂಟರನ್ನು ಕರೆಯಲು ಶಿವಮೊಗ್ಗದ ರೈಲು ಹತ್ತಿದರು.

ಮಗಳಿಗೆ ಎರಡನೆಯ ವರ್ಷದ ಬಿ.ಇ. ಮದುವೆಯ ಚಿತ್ರಗಳನ್ನೆಲ್ಲ ತಾನೇ ಜೋಡಿಸಿ ಚಲಚ್ಚಿತ್ರ ಮಾಡುವ ಹುಮ್ಮಸ್ಸು. ಹಳೆಯ ಪ್ರಾಸೆಸರು ಅಷ್ಟು ಭಾರವನ್ನು ಎಳೆಯಲಾರದೆ ಏದುಸಿರು ಬಿಡುತ್ತಿತ್ತು. ಅಣ್ಣನ ಗೆಳೆಯನೊಬ್ಬ ತನ್ನಲ್ಲಿದ್ದ ಹೊಸ ಪ್ರಾಸೆಸರನ್ನು ಅರ್ಧ ಬೆಲೆಗೆ ಕೊಟ್ಟ. ಎ.ಎಂ.ಡಿ. ಕಂಪನಿಯವರ ಎ.ಎಂ.4 ಎಂಬ ಕುಳಿ 2016ರಲ್ಲಿ ಬಂದುದು. 2020ರಲ್ಲಿ ಹೊರಬಂದ ಪ್ರಾಸೆಸರುಗಳೂ ಅದೇ ಕುಳಿಯಲ್ಲಿ ಕೂರುತ್ತವೆ. ಕೂರುತ್ತವೆ, ನಿಜ, ಆದರೆ ಹಳೆಯ ಮದರ್‌ಬೋರ್ಡಿಗೆ ಹೊಸಬನ ಗುರುತು ಹತ್ತಬೇಕಲ್ಲ! ಆ ಗುರುತು ಹೇಳಿಕೊಡುವುದೇ ಫರ್ಮ್‌ವೇರಿನ ಪರಿಷ್ಕರಣ.

ಇಲ್ಲಿ ಸ್ವಲ್ಪ ನಿಂತು ವಿಷಯವನ್ನು ತಿಳಿಯುವುದು ಮೇಲು. ಗುಂಡಿಯನ್ನು ಒತ್ತಿದ ಕ್ಷಣದಲ್ಲಿ ಕಂಪ್ಯೂಟರಿಗೆ ಏನೂ ತಿಳಿದಿರುವುದಿಲ್ಲ. ತನಗೆ ನೆನಪಿನ ಪಟ್ಟಿಗಳೆಷ್ಟು, ಡಿಸ್ಕು ಎಲ್ಲಿದೆ, ಪರದೆ ಇದೆಯೋ ಇಲ್ಲವೋ ಒಂದೂ ಗೊತ್ತಿಲ್ಲ. ಮದರ್‌ಬೋರ್ಡಿನ ಮೂಲೆಯಲ್ಲಿ ಎಂಟು ಕಾಲಿನ ಒಂದು ಚಿಪ್ಪು ಇರುತ್ತದೆ. ಹೆಸರುಕಾಳಿಗಿಂತ ತುಸು ದೊಡ್ಡದು. ಪ್ರಾಸೆಸರು ಎಚ್ಚರಗೊಂಡೊಡನೆ ಮೊದಲು ಓದುವುದು ಆ ಚಿಪ್ಪಿನೊಳಗಿನ ಬರಹವನ್ನು. ಅದರಂತೆ ಒಂದೊಂದು ಅಂಗವನ್ನೂ ಮುಟ್ಟಿ ನೋಡಿಕೊಂಡು, ಕೊನೆಗೆ ಡಿಸ್ಕಿನಲ್ಲಿರುವ ವಿಂಡೋಸನ್ನು ಎಬ್ಬಿಸಿ, ಮನೆಯನ್ನು ಅದರ ಕೈಗೆ ಒಪ್ಪಿಸುತ್ತದೆ. ಈ ಬರಹಕ್ಕೆ ಬಯಾಸ್ ಎಂದು ಹೆಸರು. ಗ್ಯಾರಿ ಕಿಲ್ಡಾಲ್ ಎಂಬ ಅಮೆರಿಕದ ವಿದ್ವಾಂಸರು 1970ರ ದಶಕದಲ್ಲಿ ಇಟ್ಟ ಹೆಸರು ಅದು. ನಾಲ್ಕು ಪದಗಳ ಮೊದಲಕ್ಷರಗಳನ್ನು ಸೇರಿಸಿ ಮಾಡಿದ್ದು. ಗ್ರೀಕ್ ಭಾಷೆಯಲ್ಲಿ ಅದೇ ಶಬ್ದಕ್ಕೆ ಬದುಕು ಎಂಬ ಅರ್ಥವಿದೆ. ಈಗ ಅದರ ಒಳಗಿನ ವ್ಯವಸ್ಥೆ ಪೂರ್ತಿ ಬದಲಾಗಿ ಯು.ಇ.ಎಫ್.ಐ. ಎಂಬ ಹೊಸ ಹೆಸರು ಬಂದಿದ್ದರೂ, ಜನ ಮಾತ್ರ ಬಯಾಸ್ ಎಂದೇ ಕರೆಯುತ್ತಾರೆ. ಕೆಂಪೇಗೌಡ ನಿಲ್ದಾಣವನ್ನು ಮೆಜೆಸ್ಟಿಕ್ ಎನ್ನುವಂತೆ.

1981ರಲ್ಲಿ ಐ.ಬಿ.ಎಂ. ಕಂಪನಿಯ ಪಿ.ಸಿ. ಹೊರಬಂದಾಗ ಈ ಬರಹ ಶಿಲಾಶಾಸನದಂತಿತ್ತು. ಕಾರ್ಖಾನೆಯಲ್ಲಿ ಬರೆದದ್ದೇ ಬರೆದದ್ದು; ಬದಲಾಯಿಸಬೇಕಾದರೆ ಚಿಪ್ಪನ್ನೇ ಬದಲಾಯಿಸಬೇಕು. ಆಮೇಲೆ ಅಳಿಸಿ ಬರೆಯಬಲ್ಲ ಫ್ಲ್ಯಾಶ್ ಚಿಪ್ಪುಗಳು ಬಂದುವು. ಶಿಲಾಶಾಸನ ಹೋಗಿ ಸ್ಲೇಟು ಬಂದಂತಾಯಿತು. ಅನುಕೂಲವೂ ಬಂತು, ಅಪಾಯವೂ ಬಂತು. ಹೊಸತನ್ನು ಬರೆಯುವ ಮೊದಲು ಹಳತನ್ನು ಅಳಿಸಬೇಕಷ್ಟೆ? ಅಳಿಸಿ ಮುಗಿದು, ಬರೆದು ಮುಗಿಯದಿರುವ ಆ ನಡುವಿನ ಒಂದೆರಡು ನಿಮಿಷ ಯಂತ್ರಕ್ಕೆ ಹಿಂದಿನ ಜನ್ಮವೂ ಇಲ್ಲ, ಮುಂದಿನ ಜನ್ಮವೂ ಇಲ್ಲ. (ಸ್ಲೇಟು ಎಷ್ಟು ಚಿಕ್ಕದೆಂದರೆ, ಅನೇಕ ಹಳೆಯ ಬೋರ್ಡುಗಳಲ್ಲಿ ಅದರ ಅಳತೆ 16 ಮೆಗಾಬೈಟು. ಹೊಸ ಪ್ರಾಸೆಸರುಗಳ ಗುರುತು ಬರೆಯಲು ಜಾಗ ಸಾಲದೆ, ಕೆಲವು ತಯಾರಕರು ತೀರ ಹಳೆಯ ಪ್ರಾಸೆಸರುಗಳ ಹೆಸರನ್ನೇ ಒರಸಿಬಿಟ್ಟರು. ಸೊಸೆ ಬಂದಳೆಂದು ಸೋದರತ್ತೆಯನ್ನು ಹೊರಗೆ ಕಳಿಸಿದ ಹಾಗೆ.)

ಶನಿವಾರ ಸಂಜೆ ಮಗಳು ಪೆನ್‌ಡ್ರೈವಿನಲ್ಲಿ ಹೊಸ ಫರ್ಮ್‌ವೇರನ್ನು ತುಂಬಿಕೊಂಡು ಕೆಲಸಕ್ಕೆ ಕುಳಿತಳು. ಪರದೆಯ ಮೇಲೆ ಒಂದು ಪಟ್ಟಿ ನಿಧಾನವಾಗಿ ಬೆಳೆಯುತ್ತ ಹೋಯಿತು. ಕಂಪ್ಯೂಟರನ್ನು ಆರಿಸಬೇಡಿರೆಂದು ಅದರ ಕೆಳಗೆ ಎಚ್ಚರಿಕೆ. ಆಕೆಯೇನೋ ಆರಿಸಲಿಲ್ಲ. ಪಟ್ಟಿ ಅರ್ಧ ದಾಟುವ ಹೊತ್ತಿಗೆ ಬೀದಿಯ ತುದಿಯಲ್ಲಿ ಢಮ್ಮೆಂದು ಸದ್ದಾಯಿತು. ಬೀದಿಗೆ ಬೀದಿಯೇ ಕತ್ತಲಾಯಿತು. ಮನೆಯಲ್ಲಿ ಯು.ಪಿ.ಎಸ್. ಇರಲಿಲ್ಲವೆನ್ನುವಂತಿಲ್ಲ. ಅದರ ಬ್ಯಾಟರಿ ಸತ್ತು ವರ್ಷವಾಗಿದ್ದಿತು, ಅದರ ಮೇಲೆ ಮನಿಪ್ಲಾಂಟಿನ ಕುಂಡ ಇಟ್ಟಿದ್ದರು.

ದೀಪ ಬಂದಮೇಲೆ ಗುಂಡಿಯನ್ನು ಒತ್ತಿದರೆ ಫ್ಯಾನುಗಳು ತಿರುಗಿದುವು. ಪರದೆ ಮಾತ್ರ ಕಪ್ಪು. ಕೆಟ್ಟ ಯಂತ್ರ ನಿಶ್ಶಬ್ದವಾಗಿದ್ದರೆ ಮನಸ್ಸಿಗೆ ಒಂದು ಬಗೆಯ ಸಮಾಧಾನ; ಫ್ಯಾನು ತಿರುಗಿಸಿಕೊಂಡು ಸುಮ್ಮನಿರುವ ಯಂತ್ರ ಬಹಳ ಸಂಕಟ ಕೊಡುತ್ತದೆ. ಭಾನುವಾರವೆಲ್ಲ ಚಿಕಿತ್ಸೆ ನಡೆಯಿತು. ಪರದೆಯ ತಂತಿಯನ್ನು ಬದಲಾಯಿಸಿದ್ದಾಯಿತು. ಮಾಳಿಗೆಯ ಮನೆಯ ಮಾವನವರು ಬಂದು, ರ‍್ಯಾಮಿನ ಪಟ್ಟಿಯನ್ನು ಕಿತ್ತು, ಅದರ ಹಳದಿ ಹಲ್ಲುಗಳನ್ನು ಪೆನ್ಸಿಲ್ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸಿದರು. ನಮ್ಮ ದೇಶದಲ್ಲಿ ಯಾವ ಕಂಪ್ಯೂಟರಿಗೆ ಯಾವ ರೋಗ ಬಂದರೂ ಮೊದಲು ಮಾಡುವ ಮನೆಮದ್ದು ಇದೇ. ಎಷ್ಟೋ ಸಲ ನಾಟುವುದೂ ಉಂಟು. ಈ ಸಲ ನಾಟಲಿಲ್ಲ. ಬೋರ್ಡಿನ ಮೇಲಿರುವ ನಾಣ್ಯದಾಕಾರದ ಬ್ಯಾಟರಿಯನ್ನು ಹತ್ತು ನಿಮಿಷ ಹೊರತೆಗೆದು ಹಾಕಿದರು. ಗಡಿಯಾರವೂ ಸಣ್ಣಪುಟ್ಟ ಆಯ್ಕೆಗಳೂ ಆ ಬ್ಯಾಟರಿಯ ಬಲದಿಂದ ನಿಂತಿರುತ್ತವೆ; ತೆಗೆದರೆ ಅವು ಮರೆತುಹೋಗುತ್ತವೆ, ಆಯ್ಕೆ ತಪ್ಪಿ ಹಟಹಿಡಿದ ಯಂತ್ರ ಸರಿಹೋಗುತ್ತದೆ. ಆದರೆ ಬಯಾಸಿನ ಬರಹವೇ ಅರ್ಧಕ್ಕೆ ನಿಂತಾಗ ಮರೆಯಿಸಿ ಪ್ರಯೋಜನವೇನು? ದುಬಾರಿ ಬೋರ್ಡುಗಳಲ್ಲಿ ಇಂಥ ಆಪತ್ತಿಗೆಂದೇ ಹಿಂಬದಿಯಲ್ಲಿ ಒಂದು ಗುಂಡಿ ಇರುತ್ತದೆ; ಪೆನ್‌ಡ್ರೈವು ಚುಚ್ಚಿ ಅದನ್ನು ಒತ್ತಿದರೆ, ಪ್ರಾಸೆಸರಿನ ಹಂಗಿಲ್ಲದೆ ಚಿಪ್ಪು ತನ್ನನ್ನು ತಾನೇ ಬರೆದುಕೊಳ್ಳುತ್ತದೆ. ಈ ಬೋರ್ಡಿನಲ್ಲಿ ಆ ಗುಂಡಿ ಇರಲಿಲ್ಲ. ಮೊದಲ ಸಂಬಳದ ಹುಡುಗ ಎಲ್ಲಿ ಉಳಿಸಬಹುದೋ ಅಲ್ಲಿ ಉಳಿಸಿದ್ದ.

ಮಧ್ಯಾಹ್ನ ಅಪ್ಪ ಮಗಳು ಪೆಟ್ಟಿಗೆಯನ್ನು ಆಟೋದಲ್ಲಿ ಹೊತ್ತು ಬಿ.ಟಿ.ಎಂ. ಲೇಔಟಿನ ಒಂದು ರಿಪೇರಿ ಅಂಗಡಿಗೆ ಹೋದರು. ಅಲ್ಲಿಯ ಹುಡುಗ ಎರಡು ನಿಮಿಷದಲ್ಲಿ ತೀರ್ಪು ಕೊಟ್ಟ: ‘ಬೋರ್ಡ್ ಡೆಡ್ ಸಾರ್. ಹೊಸದು ಹಾಕ್ಸಿ.’ ಬೋರ್ಡು ಹೋದರೆ ಹೋಗಲಿ, ಡಿಸ್ಕಿನಲ್ಲಿರುವುದನ್ನಾದರೂ ತೆಗೆದುಕೊಡಪ್ಪ ಎಂದರು ತಂದೆ. ಡಿಸ್ಕನ್ನು ಬೇರೊಂದು ಕಂಪ್ಯೂಟರಿಗೆ ಜೋಡಿಸಿದಾಗ ಅದು ಬದುಕಿರುವುದು ತಿಳಿಯಿತು. ಆದರೆ ಒಳಗೆ ಬಿಡಲಿಲ್ಲ. ಅಣ್ಣ ಪರದೇಶಕ್ಕೆ ಹೋಗುವ ಮುನ್ನ, ಕಳ್ಳಕಾಕರ ಭಯದಿಂದ, ಅದಕ್ಕೆ ಬಿಟ್‌ಲಾಕರ್ ಎಂಬ ಬೀಗ ಜಡಿದಿದ್ದ. ಆ ಬೀಗ ಎಲ್ಲವನ್ನೂ ಗೂಢಲಿಪಿಯಾಗಿ ಮಾರ್ಪಡಿಸಿ ಇಡುತ್ತದೆ. ದಿನವಹಿ ತೆರೆಯುವ ಕೀಲಿ ಡಿಸ್ಕಿನಲ್ಲಿಲ್ಲ, ತನ್ನ ಸ್ವಂತ ಬೋರ್ಡು ಮತ್ತು ಪ್ರಾಸೆಸರುಗಳ ಒಳಗಿರುವ ಭದ್ರತೆಯ ಗೂಡಿನಲ್ಲಿದೆ. ಬೇರೆಯವರ ಮನೆಯಲ್ಲಿ ತೆರೆಯಬೇಕಾದರೆ 48 ಅಂಕೆಗಳ ಒಂದು ಸಂಖ್ಯೆ ಬೇಕು. ‘ನಂಬರ್ ಇಲ್ವಾ? ಹಾಗಾದ್ರೆ ಫಾರ್ಮ್ಯಾಟ್ ಮಾಡ್ಬಿಡ್ತೀನಿ ಸಾರ್, ಡಿಸ್ಕ್ ಹೊಸದರ ಹಾಗೆ ಆಗತ್ತೆ’ ಎಂದ ಆ ಪುಣ್ಯಾತ್ಮ. ಹೊಸದರ ಹಾಗೆ ಆಗುವುದೆಂದರೆ ಏನು ಹೋಗುವುದೆಂದು ಅವನಿಗೆ ತಿಳಿಯುವ ಬಗೆಯೆಂತು? ತಂದೆ ಮಾತಿಲ್ಲದೆ ಡಿಸ್ಕನ್ನು ಕೈಗೆ ತೆಗೆದುಕೊಂಡು ಅಂಗಿಯ ಜೇಬಿಗೆ ಹಾಕಿಕೊಂಡರು.

ಆ ರಾತ್ರಿ ಜರ್ಮನಿಗೆ ಫೋನು ಹೋಯಿತು.

‘ಅಣ್ಣ, ಆ ನಲವತ್ತೆಂಟು ಅಂಕೆ ಎಲ್ಲಿ?’

‘ಪ್ರಿಂಟ್ ತೆಗೆದು ಕೊಟ್ಟಿದ್ನಲ್ಲೇ ಪುಟ್ಟಿ.’

‘ಯಾರಿಗೆ?’

ಅಲ್ಲಿಂದ ಬಹಳ ಹೊತ್ತು ಉತ್ತರ ಬರಲಿಲ್ಲ. ‘ಅಪ್ಪನಿಗೇ ಇರಬೇಕು’ ಎಂದ ಕೊನೆಗೆ. ಹಾಡುಗಳ ಪ್ರತಿ ತನ್ನಲ್ಲಿ ಇಲ್ಲವೆಂಬುದೂ ಆಗಲೇ ಹೊರಬಿದ್ದುದು.

ತಂದೆ ಮೂವತ್ತು ವರ್ಷ ಲೆಕ್ಕಪತ್ರ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಕಂದಾಯದ ರಸೀತಿ, ನೀರಿನ ಬಿಲ್ಲು, 1994ರ ಗ್ಯಾಸಿನ ಪುಸ್ತಕ ಎಲ್ಲವೂ ಫೈಲುಗಳಲ್ಲಿ ಇದ್ದುವು. ರಾತ್ರಿ ಎರಡು ಗಂಟೆಯವರೆಗೆ ಒಂದೊಂದನ್ನೂ ಬಿಚ್ಚಿ ನೋಡಿದರು. ಸಿಕ್ಕಲಿಲ್ಲ. ಹೆಂಡತಿಗೆ ಫೋನು ಮಾಡುವ ಮಾತನ್ನು ಮಗಳು ಎರಡು ಸಲ ಎತ್ತಿದಳು. ‘ಬೇಡಮ್ಮಾ. ಕರೆಯೋಕೆ ಹೋಗಿರೋಳು, ದಾರಿಯಲ್ಲಿ ಯಾಕೆ ಕಣ್ಣೀರು ಹಾಕಿಸಬೇಕು?’ ಎಂದರು ತಂದೆ.

ಸೋಮವಾರ ಬೆಳಗ್ಗೆ ಮಗಳು ಮದರ್‌ಬೋರ್ಡನ್ನು ಮಾತ್ರ ಬಿಚ್ಚಿ, ಅದು ಬಂದಿದ್ದ ಹಳೆಯ ರಟ್ಟಿನ ಡಬ್ಬದಲ್ಲಿಟ್ಟುಕೊಂಡು ಬನಶಂಕರಿಯಲ್ಲಿ ಮೆಟ್ರೊ ಹತ್ತಿದಳು. ಲಾಲ್‌ಬಾಗ್, ನ್ಯಾಷನಲ್ ಕಾಲೇಜು ದಾಟಿ ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಇಳಿದು, ಹೂವಿನ ಮೂಟೆ, ಕೈಗಾಡಿಗಳ ನಡುವೆ ದಾರಿಮಾಡಿಕೊಂಡು ಎಸ್.ಪಿ. ರೋಡು ಸೇರಿದಳು. ಐದಾರು ಕಡೆ ವಿಚಾರಿಸಿದ ಮೇಲೆ, ಒಂದು ಕಿರಿದಾದ ಮೆಟ್ಟಿಲ ಮೇಲಿನ ಆರಡಿ ಕೋಣೆಯಲ್ಲಿ, ಕಣ್ಣಿಗೆ ಭೂತಗನ್ನಡಿ ಕಟ್ಟಿಕೊಂಡು ಕುಳಿತ ಐವತ್ತು ದಾಟಿದ ಮೆಕ್ಯಾನಿಕ್ ಒಬ್ಬರು ಸಿಕ್ಕಿದರು.

‘ಅಪ್‌ಡೇಟ್ ಮಾಡೋವಾಗ ಕರೆಂಟ್ ಹೋಯ್ತಾ ಅಮ್ಮಾ?’ ಎಂದರು, ಡಬ್ಬ ತೆರೆಯುವುದಕ್ಕೆ ಮುಂಚೆಯೇ.

ನುರಿತ ಕೆಲಸಗಾರ ಕೆಲಸ ಮಾಡುವುದನ್ನು ನೋಡುವುದಕ್ಕಿಂತ ಸೊಗಸಾದ ನೋಟ ಬೇರೆ ಕಡಮೆ. ಮೆಕ್ಯಾನಿಕ್ ಮೊದಲು ಚಿಪ್ಪಿನ ಬೆನ್ನಮೇಲಿನ ಸೂಕ್ಷ್ಮ ಅಕ್ಷರಗಳನ್ನು ಓದಿದರು. ಇಂಥ ಚಿಪ್ಪುಗಳಲ್ಲಿ 3.3 ವೋಲ್ಟಿನವು ಕೆಲವು, 1.8 ವೋಲ್ಟಿನವು ಕೆಲವು. ಕಣ್ಣಿಗೆ ಎರಡೂ ಒಂದೇ. ಚಿಕ್ಕದಕ್ಕೆ ದೊಡ್ಡ ವೋಲ್ಟು ಕೊಟ್ಟರೆ ಬದುಕಬಹುದಾದ ಚಿಪ್ಪು ಸತ್ತೇಹೋಗಬಹುದು. ಇದು 1.8ರದು. ನಡುವೆ ಒಂದು ಸಣ್ಣ ಹಲಗೆಯನ್ನು ಸೇರಿಸಿ ವೋಲ್ಟನ್ನು ಇಳಿಸಿದರು. ಬಟ್ಟೆಯ ಕ್ಲಿಪ್ಪಿನಂಥ ಒಂದು ಸಾಧನವನ್ನು ಚಿಪ್ಪಿನ ಎಂಟು ಕಾಲುಗಳಿಗೂ ಕಚ್ಚಿಸಿದರು. ಅದರ ಇನ್ನೊಂದು ತುದಿ ಬೆಂಕಿಪೊಟ್ಟಣದಷ್ಟು ದೊಡ್ಡ ಪ್ರೋಗ್ರಾಮರ್ ಎಂಬ ಉಪಕರಣಕ್ಕೆ. ಅಲ್ಲಿಂದ ಅವರ ಲ್ಯಾಪ್‌ಟಾಪಿಗೆ. ಸತ್ತ ಬೋರ್ಡಿಗೆ ಬರೆಯಲು ಸತ್ತ ಬೋರ್ಡಿನ ಸಹಾಯವೇ ಬೇಡವೆಂಬುದು ಈ ವಿದ್ಯೆಯ ಗುಟ್ಟು.

ಹೊಸತನ್ನು ಕೂಡಲೆ ಬರೆಯುವರೆಂದು ಮಗಳು ತಿಳಿದಿದ್ದಳು. ಅವರು ಬರೆಯಲಿಲ್ಲ. ಚಿಪ್ಪಿನಲ್ಲಿ ಉಳಿದಿದ್ದ ಅರೆಬರೆ ಬರಹವನ್ನೇ ಎರಡು ಸಲ ಓದಿಸಿ, ಎರಡೂ ಒಂದೇ ಆಗಿದೆಯೆಂದು ನೋಡಿ, ಪ್ರತಿಮಾಡಿಟ್ಟುಕೊಂಡರು. ಕೆಟ್ಟುಹೋದುದನ್ನು ಯಾಕೆ ಇಟ್ಟುಕೊಳ್ಳುತ್ತೀರಿ ಎಂದಳು. ‘ಈ ಬೋರ್ಡಿನ ಸೀರಿಯಲ್ ನಂಬರ್, ನೆಟ್‌ವರ್ಕಿನ ವಿಳಾಸ, ಎಲ್ಲಾ ಇದರೊಳಗೇ ಇರತ್ತಮ್ಮಾ. ಕಂಪನಿ ಫೈಲಲ್ಲಿ ಅದು ಬರಲ್ಲ. ಅದನ್ನ ತೆಗೆದು ಹೊಸದರಲ್ಲಿ ಹಾಕ್ಬೇಕು.’ ಬರೆಯುವ ಕೆಲಸ ಕೆಲವು ನಿಮಿಷಗಳಲ್ಲಿ ಮುಗಿಯಿತು. ಬರೆದುದನ್ನು ಮೂಲದೊಡನೆ ಹೋಲಿಸಿ ನೋಡಲು ಮತ್ತೆ ಅಷ್ಟೇ ಹೊತ್ತು.

ಆ ಬಿಡುವಿನಲ್ಲಿ ಮೆಕ್ಯಾನಿಕ್ 1999ರ ಕಥೆ ಹೇಳಿದರು. ಆ ವರ್ಷದ ಏಪ್ರಿಲ್ 26ರಂದು ಸಿ.ಐ.ಎಚ್. ಎಂಬ ವೈರಸ್ಸು ಅನೇಕ ದೇಶಗಳಲ್ಲಿ ಕಂಪ್ಯೂಟರುಗಳನ್ನು ಕೆಡಿಸಿತು. ತೈವಾನಿನ ವಿದ್ಯಾರ್ಥಿಯೊಬ್ಬ ಬರೆದ ವೈರಸ್ಸು ಅದು. 1986ರಲ್ಲಿ ಚೆರ್ನೋಬಿಲ್ ಅಣುಸ್ಥಾವರ ಸಿಡಿದ ದಿನವೇ ಎದ್ದುದರಿಂದ ಜನ ಅದಕ್ಕೆ ಚೆರ್ನೋಬಿಲ್ ಎಂದೇ ಹೆಸರಿಟ್ಟರು. ಡಿಸ್ಕನ್ನು ಹಾಳುಮಾಡಿದ್ದಲ್ಲದೆ, ಕೆಲವು ಬೋರ್ಡುಗಳಲ್ಲಿ ಬಯಾಸನ್ನೂ ಕೆಡಿಸಿತು. ಆಗ ಈ ಕ್ಲಿಪ್ಪು ಎಲ್ಲಿತ್ತು? ಚಿಪ್ಪುಗಳು ಕುಳಿಯಲ್ಲಿ ಕೂರುತ್ತಿದ್ದುವು, ಕೈಯಲ್ಲಿ ಕೀಳಬಹುದಾಗಿತ್ತು. ಅದೇ ಜಾತಿಯ ಒಳ್ಳೆಯ ಕಂಪ್ಯೂಟರನ್ನು ಚಾಲೂ ಮಾಡಿ, ಅದು ಓಡುತ್ತಿರುವಾಗಲೇ ಅದರ ಒಳ್ಳೆಯ ಚಿಪ್ಪನ್ನು ಮೆಲ್ಲಗೆ ಕಿತ್ತು, ಸತ್ತ ಚಿಪ್ಪನ್ನು ಕೂರಿಸಿ, ಅದರ ಮೇಲೆ ಬರೆಯುತ್ತಿದ್ದರಂತೆ. ಎದ್ದಮೇಲೆ ಯಂತ್ರಕ್ಕೆ ಆ ಬರಹದ ಅಗತ್ಯ ಹೆಚ್ಚಾಗಿ ಇರದು, ಆದುದರಿಂದ ಸಾಗುತ್ತಿತ್ತು. ಕೈ ಒಂದಿಷ್ಟು ನಡುಗಿದರೆ ಒಂದರ ಬದಲು ಎರಡು ಬೋರ್ಡು ಹೋಗುತ್ತಿತ್ತು. ‘ಗಿರಾಕಿ ಮುಂದೆ ಮಾಡ್ತಿರಲಿಲ್ಲಮ್ಮಾ, ಅವರಿಗೆ ಎದೆ ನಿಂತುಹೋಗ್ತಿತ್ತು’ ಎಂದು ನಕ್ಕರು.

ಆರುನೂರು ರೂಪಾಯಿ ತೆಗೆದುಕೊಂಡರು. ಹಳೆಯ ಪ್ರಾಸೆಸರಿನಲ್ಲೇ ಪರೀಕ್ಷಿಸಿ ತೋರಿಸಿದರು. ಒಂದು ಮಾತು ಹೇಳಿಯೂ ಕಳುಹಿಸಿದರು: ಮನೆಯಲ್ಲಿ ಹಾಕಿದಾಗ ಪರದೆ ತಡವಾಗಿ ಬಂದೀತು, ಹೆದರಿ ಆರಿಸಬೇಡಿ, ಹೊಸ ಬರಹದೊಡನೆ ನೆನಪಿನ ಪಟ್ಟಿಗಳನ್ನು ಪಳಗಿಸಿಕೊಳ್ಳಲು ಅದಕ್ಕೆ ಸ್ವಲ್ಪ ವೇಳೆ ಬೇಕು.

ಸಂಜೆ ಆರು ಗಂಟೆಗೆ ಪೆಟ್ಟಿಗೆಯನ್ನು ಪುನಃ ಕಟ್ಟಿ ಗುಂಡಿಯೊತ್ತಿದಾಗ, ಕಪ್ಪು ಪರದೆಯ ಮುಂದೆ ಅಪ್ಪ ಮಗಳು ಒಂದು ನಿಮಿಷ ಉಸಿರು ಹಿಡಿದು ನಿಂತರು. ಅಕ್ಷರಗಳು ಮೂಡಿದುವು. ಭದ್ರತೆಯ ಗೂಡಿನಲ್ಲಿದ್ದ ವಿವರ ಬದಲಾಗಿದೆ, ಅದನ್ನು ಹೊಸದಾಗಿ ಆರಂಭಿಸಲೇ? ಡಿಸ್ಕಿಗೆ ಬೀಗವಿದ್ದರೆ ಸಂಖ್ಯೆಯಿಲ್ಲದೆ ತೆರೆಯಲಾರದು ಎಂದು ಆ ಬರಹದ ಸಾರಾಂಶ. ಒಪ್ಪುವುದಾದರೆ ಒಂದು ಅಕ್ಷರ, ಒಪ್ಪದಿದ್ದರೆ ಇನ್ನೊಂದು. ಮಗಳ ಬೆರಳು ಕೀಲಿಮಣೆಯ ಮೇಲೆ ಹೋಗಿ ಹೋಗಿ ಹಿಂದೆ ಬಂದಿತು. ಹಳೆಯ ಗೂಡು ಚಿಪ್ಪಿನೊಡನೆಯೇ ಅಳಿಸಿಹೋಗಿತ್ತಾದುದರಿಂದ ಒಪ್ಪದೆ ಕುಳಿತರೂ ಲಾಭವಿರಲಿಲ್ಲ. ಆದರೂ ಒತ್ತಲು ಧೈರ್ಯವಾಗಲಿಲ್ಲ. ಪೆಟ್ಟಿಗೆಯನ್ನು ಹಾಗೆಯೇ ಬಿಟ್ಟು ಇಬ್ಬರೂ ಮತ್ತೆ ಫೈಲುಗಳ ನಡುವೆ ಕುಳಿತರು.

ಒಂಬತ್ತು ಗಂಟೆಗೆ ತಾಯಿ ಬಂದರು. ನೆಲದ ತುಂಬ ಕಾಗದ. ಇನ್ನು ಮುಚ್ಚಿಡುವಂತಿರಲಿಲ್ಲ. ಮಗಳು ಎಲ್ಲವನ್ನೂ ಹೇಳಿದಳು. ತಾಯಿ ಕೈಚೀಲವನ್ನು ಕೆಳಗಿಡದೆಯೇ ಕೇಳಿಸಿಕೊಂಡರು. ‘ಎಂಟು ಗುಂಪು ಅಂಕೆ, ಒಂದೊಂದರಲ್ಲೂ ಆರಾರು, ಅದೇ ತಾನೆ?’ ಎಂದರು.

ಒಳಗೆ ಹೋಗಿ ಬೀರು ತೆರೆದ ಸದ್ದಾಯಿತು. ರೇಷ್ಮೆ ಸೀರೆಗಳ ಅಡಿಯಲ್ಲಿ ಜಾತಕಗಳ ಕಟ್ಟು ಇದ್ದಿತು. ಮದುವೆ ನಿಶ್ಚಯವಾದಾಗ ತೆಗೆದು ಜೋಯಿಸರಿಗೆ ತೋರಿಸಿದ ಮಗನ ಜಾತಕದ ಜೊತೆಯಲ್ಲೇ ನಾಲ್ಕಾಗಿ ಮಡಿಸಿದ ಆ ಕಾಗದ. ‘ವಿಮಾನ ಹತ್ತೋ ದಿನ ಕೊಟ್ಟಿದ್ದ. ಏನು ಅಂತ ಕೇಳೋಕೆ ಹೊತ್ತೆಲ್ಲಿತ್ತು? ಅವನದು ಅಂತ ಅವನ ಜಾತಕದಲ್ಲಿ ಇಟ್ಟೆ. ಫೋನ್ ಮಾಡಿದ್ರೆ ಶಿವಮೊಗ್ಗದಿಂದಲೇ ಹೇಳ್ತಿದ್ನಲ್ಲ’ ಎಂದರು.

ತಂದೆ ಅಂಕೆಗಳನ್ನು ಗಟ್ಟಿಯಾಗಿ ಓದಿದರು, ಮಗಳು ಒತ್ತಿದಳು. ಒಂದು ಕಡೆ 6 ಎಂದುದನ್ನು 9 ಎಂದು ಒತ್ತಿ ಮತ್ತೊಮ್ಮೆ ಅಷ್ಟನ್ನೂ ತಿದ್ದಬೇಕಾಯಿತು. ವಿಂಡೋಸು ತೆರೆಯಿತು. ಹೊಸ ಪ್ರಾಸೆಸರನ್ನು ಆ ರಾತ್ರಿ ಯಾರೂ ಡಬ್ಬದಿಂದ ಹೊರತೆಗೆಯಲಿಲ್ಲ. ಮೂವತ್ತೆಂಟು ಹಾಡುಗಳನ್ನೂ ಮೊದಲು ಮೂರು ಪೆನ್‌ಡ್ರೈವುಗಳಿಗೆ ಇಳಿಸಿ, ಆಮೇಲೆ ಹಸೆಯ ಹಾಡನ್ನು ಹಚ್ಚಿದರು. ತಾಯಿ ಪೆನ್ನು ಹಿಡಿದು ಕುಳಿತು ಉತ್ತರಾರ್ಧವನ್ನು ಸಾಲುಸಾಲಾಗಿ ಬರೆದುಕೊಂಡರು; ಎರಡು ಕಡೆ ಕುಕ್ಕರಿನ ಕೂಗಿನಲ್ಲಿ ಮುಳುಗಿದ್ದ ಪದಗಳನ್ನು ನಾಲ್ಕಾರು ಸಲ ತಿರುಗಿಸಿ ಕೇಳಿ ಹಿಡಿದರು. ಹಾಡು ಮುಗಿದರೂ ಧ್ವನಿಮುದ್ರಣ ಮುಗಿದಿರಲಿಲ್ಲ. ಒಂದು ಕೆಮ್ಮು, ಬಳೆಯ ಸದ್ದು, ಆಮೇಲೆ ಅಜ್ಜಿಯ ಮಾತು:

‘ಆಯ್ತೇನೋ? ಇನ್ನು ಆರ್ಸೋ ಅದನ್ನ. ಕರೆಂಟು ದಂಡ.’